ನುಂಗಿದ ಮಾತ್ರೆ ಹೊಟ್ಟೆ ಸೇರಿತೇ? ಅನ್ನನಾಳದಲ್ಲಿ ಸಿರಪ್, ಗುಳಿಗೆ, ಕ್ಯಾಪ್ಸೂಲ್‌ಗಳ ಹಾದಿ

ಮುಂಬೈನಲ್ಲಿ ಜೋರು ಮಳೆ ಸುರಿದು ರಸ್ತೆಗಳಲ್ಲಿ ನೀರು ನಿಂತಾಗಲೆಲ್ಲ ಪಾಲಿಕೆಯ ಆರೋಗ್ಯ ವಿಭಾಗದಿಂದ ಒಂದು ಸೂಚನೆ ಹೊರಬೀಳುತ್ತದೆ. ನಿಂತ ನೀರಿನಲ್ಲಿ ನಡೆದು ಬಂದವರು ಇಲಿ ಜ್ವರ ತಡೆಯಲು 72 ಗಂಟೆಯೊಳಗೆ ವೈದ್ಯರನ್ನು ಕಂಡು ಮುನ್ನೆಚ್ಚರಿಕೆಯ ಔಷಧ ತೆಗೆದುಕೊಳ್ಳಬೇಕು ಎಂಬುದು ಅದರ ಸಾರ. ವಯಸ್ಕರಿಗೆ ಸಾಮಾನ್ಯವಾಗಿ ಕೊಡುವುದು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್. ಮೊಡವೆಗೆ, ಕೆಮ್ಮು-ಕಫದ ಸೋಂಕಿಗೆ, ಸ್ಕ್ರಬ್ ಟೈಫಸ್ ಜ್ವರಕ್ಕೆ ಕೂಡ ಇದನ್ನೇ ಬರೆದುಕೊಡುತ್ತಾರೆ.

ಔಷಧವೇನೋ ಸರಿಯಾದದ್ದೇ. ಆದರೆ ರಾತ್ರಿ ಹಾಸಿಗೆಯ ಮೇಲೆ ಕುಳಿತು, ಒಂದೇ ಗುಟುಕು ನೀರಿನಲ್ಲಿ ಅದನ್ನು ನುಂಗಿ, ತಕ್ಷಣ ದಿಂಬಿಗೆ ತಲೆ ಕೊಟ್ಟವರಲ್ಲಿ ಕೆಲವರು ಎದೆಯ ನಡುವೆ ಚುಚ್ಚುವ ನೋವಿನಿಂದ ಎಚ್ಚರಗೊಳ್ಳುತ್ತಾರೆ. ಉಗುಳು ನುಂಗಿದರೂ ನೋವು. ಒಂದು ಚಮಚ ನೀರು ಕುಡಿದರೂ ನೋವು. ಗ್ಯಾಸ್ ಇರಬೇಕೆಂದು ಕೆಲವರು ಆ್ಯಂಟಾಸಿಡ್ ಕುಡಿಯುತ್ತಾರೆ, ಹೃದಯಾಘಾತವೆಂದು ಹೆದರಿ ಕೆಲವರು ಆಸ್ಪತ್ರೆಗೆ ಓಡುತ್ತಾರೆ. ಇಸಿಜಿ ಸರಿ ಇರುತ್ತದೆ. ಎಂಡೋಸ್ಕೋಪಿ ಮಾಡಿದರೆ ಅನ್ನನಾಳದ ಮಧ್ಯಭಾಗದಲ್ಲಿ ಹಸಿ ಹುಣ್ಣು ಕಾಣುತ್ತದೆ. ರಾತ್ರಿ ನುಂಗಿದ ಕ್ಯಾಪ್ಸೂಲ್ ಹೊಟ್ಟೆಗೆ ಹೋಗಿರಲೇ ಇಲ್ಲ. ದಾರಿಯ ಮಧ್ಯೆ ಅಂಟಿಕೊಂಡು ಅಲ್ಲೇ ಕರಗಿತ್ತು.

ವೈದ್ಯಕೀಯದಲ್ಲಿ ಇದನ್ನು ಪಿಲ್ ಈಸೋಫಜೈಟಿಸ್ ಎನ್ನುತ್ತಾರೆ. ಮಾತ್ರೆಯಿಂದಾಗುವ ಅನ್ನನಾಳದ ಉರಿಯೂತ ಎಂದರೆ ಅರ್ಥವಾದೀತು. ಗಂಟಲು ದಾಟಿದರೆ ಮಾತ್ರೆ ಹೊಟ್ಟೆ ಸೇರಿತು ಎಂದೇ ಬಹುತೇಕರು ನಂಬಿದ್ದಾರೆ. ಗಂಟಲಿನಿಂದ ಜಠರದವರೆಗೆ ಇನ್ನೂ ಸುಮಾರು 25 ಸೆಂಟಿಮೀಟರ್ ದಾರಿ ಇದೆ. ಆ ದಾರಿಯಲ್ಲಿ ಸಿರಪ್ ಸಾಗುವ ರೀತಿ ಬೇರೆ, ಸಣ್ಣ ಗುಳಿಗೆಯದು ಬೇರೆ, ದೊಡ್ಡ ಕ್ಯಾಪ್ಸೂಲಿನದು ಇನ್ನೂ ಬೇರೆ.

ಅನ್ನನಾಳ ಪೈಪ್ ಅಲ್ಲ

ಅನ್ನನಾಳವನ್ನು ಸದಾ ತೆರೆದಿರುವ ಕೊಳವೆಯೆಂದು ಚಿತ್ರಗಳಲ್ಲಿ ತೋರಿಸುತ್ತಾರೆ. ವಾಸ್ತವದಲ್ಲಿ ಅದು ಖಾಲಿ ಇರುವಾಗ ಮುದುಡಿಕೊಂಡಿರುವ ಸ್ನಾಯುವಿನ ಚೀಲದಂತಿರುತ್ತದೆ. ಮೇಲ್ತುದಿಯಲ್ಲೊಂದು, ಕೆಳತುದಿಯಲ್ಲೊಂದು ಬಿಗಿಯುವ ಸ್ನಾಯುವಿನ ಉಂಗುರವಿದೆ. ನಾವು ಏನನ್ನಾದರೂ ನುಂಗಿದಾಗ ಮೇಲಿನ ಉಂಗುರ ಕ್ಷಣಕಾಲ ಸಡಿಲಗೊಳ್ಳುತ್ತದೆ. ಒಂದೆರಡು ಸೆಕೆಂಡಿನಲ್ಲಿ ಕೆಳಗಿನದೂ ಸಡಿಲಗೊಂಡು, ಬರುವುದನ್ನು ಒಳಬಿಡಲು ಸಿದ್ಧವಾಗುತ್ತದೆ. ಅಷ್ಟರಲ್ಲಿ ಮೇಲಿನಿಂದ ಸ್ನಾಯುಗಳ ಹಿಂಡುವ ಅಲೆಯೊಂದು ಹೊರಟಿರುತ್ತದೆ. ಸೆಕೆಂಡಿಗೆ ಸುಮಾರು 3ರಿಂದ 4 ಸೆಂಟಿಮೀಟರ್ ವೇಗದಲ್ಲಿ ಇಳಿಯುವ ಈ ಅಲೆ, ಅಗಿದ ತುತ್ತನ್ನು 8-10 ಸೆಕೆಂಡುಗಳಲ್ಲಿ ಜಠರಕ್ಕೆ ತಳ್ಳುತ್ತದೆ. ಏನಾದರೂ ಹಿಂದೆ ಉಳಿದರೆ ಗೋಡೆ ಹಿಗ್ಗಿದ ಜಾಗದಿಂದಲೇ ಎರಡನೆಯ ಅಲೆ ಹುಟ್ಟುತ್ತದೆ.

ತುತ್ತಿನ ಗಾತ್ರ ಗೋಡೆಯನ್ನು ಹಿಗ್ಗಿಸುತ್ತದೆ, ಅದರಿಂದ ಅಲೆ ಬಲವಾಗುತ್ತದೆ. ಸಣ್ಣ ಮಾತ್ರೆಯೊಂದಕ್ಕೆ ಗೋಡೆಯನ್ನು ಹಿಗ್ಗಿಸುವ ಗಾತ್ರವಿಲ್ಲ. ನೀರಿಲ್ಲದೆ ಹೋದರೆ ಅಲೆ ಅದರ ಮೇಲೆಯೇ ಹಾದುಹೋಗಿ ಮಾತ್ರೆ ಇದ್ದಲ್ಲೇ ಉಳಿಯಬಹುದು. ಅನ್ನದ ಮುದ್ದೆ ಸಲೀಸಾಗಿ ಇಳಿಯುವ ದಾರಿಯಲ್ಲಿ ಕಡಲೆಬೇಳೆಯಷ್ಟಿರುವ ಮಾತ್ರೆ ನಿಂತುಬಿಡುವುದು ವಿಚಿತ್ರವೆನಿಸಿದರೂ ಕಾರಣ ಇದೇ.

ದಾರಿ ಎಲ್ಲ ಕಡೆ ಒಂದೇ ಅಗಲವೂ ಇಲ್ಲ. ಮೇಲಿನ ಉಂಗುರದ ಬಳಿ, ಎದೆಯೊಳಗೆ ಮಹಾಪಧಮನಿಯ ಕಮಾನು ಮತ್ತು ಎಡ ಶ್ವಾಸನಾಳ ಪಕ್ಕದಿಂದ ಒತ್ತುವ ಜಾಗದಲ್ಲಿ, ಕೆಳಗೆ ವಪೆಯನ್ನು ದಾಟುವಲ್ಲಿ ಅದು ಸಹಜವಾಗಿಯೇ ಕಿರಿದು. ಮಾತ್ರೆಗಳು ಹೆಚ್ಚಾಗಿ ನಿಲ್ಲುವುದು ಮಧ್ಯದ ಕಿರಿದಾದ ಜಾಗದಲ್ಲಿ, ಮಹಾಪಧಮನಿಯ ಕಮಾನಿನ ಮಟ್ಟದಲ್ಲಿ. ಎಂಡೋಸ್ಕೋಪಿಯಲ್ಲಿ ಹುಣ್ಣು ಸಿಗುವುದೂ ಸಾಮಾನ್ಯವಾಗಿ ಅಲ್ಲೇ. ಎದುರುಬದುರು ಗೋಡೆಗಳಲ್ಲಿ ಒಂದನ್ನೊಂದು ಮುಟ್ಟುವಂಥ ಜೋಡಿ ಹುಣ್ಣು ಕಂಡರೆ ವೈದ್ಯರು ಕೇಳುವ ಮೊದಲ ಪ್ರಶ್ನೆ, ಇತ್ತೀಚೆಗೆ ಯಾವ ಮಾತ್ರೆ ನುಂಗಿದಿರಿ ಎಂಬುದು.

ಇನ್ನೊಂದು ವ್ಯತ್ಯಾಸವೂ ಮುಖ್ಯ. ಜಠರ ತನ್ನ ಆಮ್ಲವನ್ನು ತಾನೇ ತಡೆದುಕೊಳ್ಳಲು ದಪ್ಪ ಲೋಳೆಯ ರಕ್ಷಣೆ ಹೊಂದಿದೆ. ಅನ್ನನಾಳಕ್ಕೆ ಅಂಥ ಕವಚವಿಲ್ಲ. ಅದನ್ನು ತೊಳೆದು ಕಾಪಾಡುವುದು ಮುಖ್ಯವಾಗಿ ನಾವು ನುಂಗುತ್ತಲೇ ಇರುವ ಜೊಲ್ಲು. ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಲ್ಲುತ್ತದೆ, ನುಂಗುವುದೂ ತೀರಾ ಕಡಿಮೆಯಾಗುತ್ತದೆ. ಮಲಗಿದಾಗ ಗುರುತ್ವಾಕರ್ಷಣೆಯ ನೆರವೂ ಇರುವುದಿಲ್ಲ. ರಾತ್ರಿಯ ಮಾತ್ರೆ ಹಗಲಿನ ಮಾತ್ರೆಗಿಂತ ಅಪಾಯಕಾರಿಯಾಗುವುದು ಇದರಿಂದಲೇ.

ಎಕ್ಸ್-ರೇ ಹೇಳಿದ ಕಥೆ

ಮಾತ್ರೆಗಳು ದಾರಿಯಲ್ಲಿ ನಿಲ್ಲುತ್ತವೆ ಎಂಬುದನ್ನು ವೈದ್ಯಲೋಕ ಗಂಭೀರವಾಗಿ ಗಮನಿಸಿದ್ದು ತಡವಾಗಿಯೇ. ಪೊಟ್ಯಾಸಿಯಂ ಕ್ಲೋರೈಡ್ ಮಾತ್ರೆ ಅನ್ನನಾಳದಲ್ಲಿ ಹುಣ್ಣು ಮಾಡಿದ ಪ್ರಕರಣ 1970ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ವರದಿಯಾಯಿತು. ಆ ಕಾಲದ ಇಂಥ ಪ್ರಕರಣಗಳಲ್ಲಿ ಹಲವರು ಹೃದಯದ ಎಡ ಮೇಲ್ಕೋಣೆ ಹಿಗ್ಗಿದ್ದವರು. ಹಿಗ್ಗಿದ ಹೃದಯ ಹಿಂದೆಯೇ ಇರುವ ಅನ್ನನಾಳವನ್ನು ಒತ್ತಿ ಹಿಡಿದಿತ್ತು, ಮಾತ್ರೆ ಅಲ್ಲಿ ಸಿಕ್ಕಿಹಾಕಿಕೊಂಡಿತ್ತು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರು ಭಾರತದಲ್ಲಿ ಇಂದಿಗೂ ಬಹಳಷ್ಟಿರುವುದರಿಂದ ಈ ಮಾತು ಇಲ್ಲಿಗೂ ಅನ್ವಯಿಸುತ್ತದೆ.

1976ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಾತ್ರೆಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂಬುದೇ ಅದರ ಶೀರ್ಷಿಕೆಯ ಅರ್ಥ. ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ಮಾತ್ರೆಗಳನ್ನು ನುಂಗಿಸಿ ನೋಡಿದಾಗ, ನುಂಗಿ ಎಷ್ಟೋ ನಿಮಿಷಗಳಾದರೂ ಅನೇಕರ ಮಾತ್ರೆ ಅನ್ನನಾಳದಲ್ಲೇ ಇರುವುದು ಕಂಡಿತು. 1982ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನಗಳು ಇನ್ನೂ ಮುಂದೆ ಹೋಗಿ, ಆರೋಗ್ಯವಂತರಿಗೇ ಬೇರೆ ಬೇರೆ ಆಕಾರದ ಗುಳಿಗೆ, ಕ್ಯಾಪ್ಸೂಲ್‌ಗಳನ್ನು ಬೇರೆ ಬೇರೆ ಪ್ರಮಾಣದ ನೀರಿನೊಂದಿಗೆ, ನಿಲ್ಲಿಸಿ ಮತ್ತು ಮಲಗಿಸಿ ಕೊಟ್ಟು ಪರೀಕ್ಷಿಸಿದವು. ಸಣ್ಣ ಗುಳಿಗೆಗಳು ದೊಡ್ಡವಕ್ಕಿಂತ ಬೇಗ ಇಳಿದವು. ನೀರು ಕಡಿಮೆಯಾದಷ್ಟೂ, ದೇಹ ಮಲಗಿದ ಭಂಗಿಗೆ ಬಂದಷ್ಟೂ ಅಂಟಿಕೊಳ್ಳುವುದು ಹೆಚ್ಚಾಯಿತು. ಕನಿಷ್ಠ 100 ಮಿಲಿಲೀಟರ್ ನೀರಿನೊಂದಿಗೆ ಔಷಧ ನುಂಗಬೇಕು, ನುಂಗಿದ ಮೇಲೆ ಕನಿಷ್ಠ 90 ಸೆಕೆಂಡು ನಿಂತಿರಬೇಕು ಎಂಬ ಸಲಹೆ ಬಂದದ್ದು ಆಗಲೇ. ನಾಲ್ಕು ದಶಕ ಕಳೆದರೂ ಈ ಎರಡು ಅಂಕಿಗಳು ನಮ್ಮ ಔಷಧದ ಚೀಟಿಗಳಲ್ಲಿ ಕಾಣಸಿಗುವುದು ಅಪರೂಪ. ಊಟದ ಮೊದಲೋ ನಂತರವೋ ಎಂದು ಮಾತ್ರ ಬರೆದಿರುತ್ತಾರೆ.

ಮಾತ್ರೆ ನಿಂತದ್ದು ನುಂಗಿದವರ ಅರಿವಿಗೆ ಬಾರದೆ ಇರಬಹುದು. ಅದೇ ರೀತಿ, ಏನೋ ಸಿಕ್ಕಿಕೊಂಡಿದೆ ಎಂದು ಅನ್ನಿಸುವಾಗ ಮಾತ್ರೆ ಆಗಲೇ ಕೆಳಗಿಳಿದು, ಅದು ತಗುಲಿದ ಜಾಗದ ಕಿರಿಕಿರಿಯಷ್ಟೇ ಉಳಿದಿರಲೂಬಹುದು. ಅನುಭವವನ್ನೇ ನಂಬಿ ಲೆಕ್ಕ ಹಾಕುವಂತಿಲ್ಲ.

ಸಿರಪ್‌ನಿಂದ ಕ್ಯಾಪ್ಸೂಲ್‌ವರೆಗೆ

ದ್ರವ ಔಷಧಗಳ ಪಯಣ ಅತಿ ಸುಲಭ. ಕುಳಿತೋ ನಿಂತೋ ಕುಡಿದ ಸಿರಪ್, ಹಿಂಡುವ ಅಲೆಗಾಗಿ ಕಾಯದೆ ತನ್ನ ಭಾರದಿಂದಲೇ ಕೆಲವೇ ಸೆಕೆಂಡುಗಳಲ್ಲಿ ಕೆಳಗಿಳಿಯುತ್ತದೆ. ಹಿಂದೆ ಬರುವ ಅಲೆ ಗೋಡೆಗೆ ಅಂಟಿದ ಉಳಿಕೆಯನ್ನು ಒರೆಸುತ್ತದೆ. ಪುಡಿ ತೇಲುತ್ತಿರುವ ಸಸ್ಪೆನ್ಷನ್‌ಗಳು ಸ್ವಲ್ಪ ನಿಧಾನವಾದರೂ ತೊಂದರೆ ಕೊಡುವುದಿಲ್ಲ. ಅವುಗಳ ಸಮಸ್ಯೆ ಬೇರೆ: ಬಾಟಲಿ ಕುಲುಕದೆ ಕುಡಿದರೆ ಔಷಧ ತಳದಲ್ಲೇ ಉಳಿಯುತ್ತದೆ.

ಗುಳಿಗೆಗಳಲ್ಲಿ ಗಾತ್ರ, ಆಕಾರ, ಮೇಲ್ಮೈ ಮೂರೂ ಲೆಕ್ಕಕ್ಕೆ ಬರುತ್ತವೆ. ಚಪ್ಪಟೆಯಾದ ದೊಡ್ಡ ದುಂಡು ಗುಳಿಗೆಗಿಂತ ಅಷ್ಟೇ ತೂಕದ ಉದ್ದನೆಯ ಅಂಡಾಕಾರದ ಗುಳಿಗೆ ಸುಲಭವಾಗಿ ಇಳಿಯುತ್ತದೆ. ಮೆಟ್‌ಫಾರ್ಮಿನ್, ಕ್ಯಾಲ್ಸಿಯಂನಂಥ ದೊಡ್ಡ ಪ್ರಮಾಣದ ಮಾತ್ರೆಗಳು ಹೆಚ್ಚಾಗಿ ಉದ್ದವಾಗಿರಲು ಇದೂ ಒಂದು ಕಾರಣ. ಹೊರಗಿನ ತೆಳು ಫಿಲ್ಮ್ ಲೇಪನ ಕಹಿಯನ್ನು ಮರೆಮಾಚುವುದಷ್ಟೇ ಅಲ್ಲ, ಜಾರುವಿಕೆಯನ್ನೂ ಕೊಡುತ್ತದೆ. ಲೇಪನವಿಲ್ಲದ ಸುಣ್ಣದಂಥ ಮಾತ್ರೆ ಒಣ ನಾಲಿಗೆಗೆ ಹೇಗೆ ಹಿಡಿದುಕೊಳ್ಳುತ್ತದೋ ಅನ್ನನಾಳದ ಗೋಡೆಗೂ ಹಾಗೆಯೇ ಹಿಡಿದುಕೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಜೆನೆರಿಕ್ ಔಷಧ ತಯಾರಕರಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಮಾತ್ರೆಯ ಯಾವುದೇ ಬದಿ 22 ಮಿಲಿಮೀಟರ್ ಮೀರಬಾರದು ಎಂದು ಹೇಳಿದೆ. ಒಂದು ರೂಪಾಯಿ ನಾಣ್ಯದ ಅಗಲಕ್ಕೆ ಹತ್ತಿರದ ಅಳತೆ ಅದು. ಅಷ್ಟು ದೊಡ್ಡದನ್ನು ನುಂಗುವವರಿದ್ದಾರೆ ಎಂಬುದೇ ಆಶ್ಚರ್ಯ.

ಕ್ಯಾಪ್ಸೂಲ್ ಕುರಿತು ಒಂದು ತಪ್ಪು ಕಲ್ಪನೆ ಇದೆ. ನುಣುಪಾಗಿರುವುದರಿಂದ ಜಾರಿಹೋಗುತ್ತದೆ ಎಂದು ಜನ ಭಾವಿಸುತ್ತಾರೆ. ಒಣಗಿದ್ದಾಗ ಅದು ನುಣುಪು ನಿಜ. ಆದರೆ ಹೊರಕವಚ ಜೆಲಾಟಿನ್‌ನದು. ತೇವ ತಾಗಿದೊಡನೆ ಜೆಲಾಟಿನ್ ಮೆತ್ತಗಾಗಿ ಅಂಟಾಗುತ್ತದೆ. ಒದ್ದೆ ಬೆರಳಿನಿಂದ ಕ್ಯಾಪ್ಸೂಲ್ ಹಿಡಿದು ಒಂದು ನಿಮಿಷ ಕಾದರೆ ಇದು ಯಾರಿಗೂ ಗೊತ್ತಾಗುತ್ತದೆ. ಸಾಕಷ್ಟು ನೀರಿದ್ದರೆ ಆ ಅಂಟು ಹಿಡಿಯುವ ಮೊದಲೇ ಕ್ಯಾಪ್ಸೂಲ್ ಜಠರ ಸೇರುತ್ತದೆ. ಒಂದು ಗುಟುಕು ನೀರು ಮಾತ್ರ ಇದ್ದರೆ, ಕವಚವನ್ನು ಒದ್ದೆ ಮಾಡಲು ಸಾಕಾಗುವಷ್ಟು, ತಳ್ಳಲು ಸಾಲದಷ್ಟು ಎಂಬ ಸ್ಥಿತಿ. ಎಲ್ಲಕ್ಕಿಂತ ಕೆಟ್ಟದ್ದು ಅದೇ.

ಕ್ಯಾಪ್ಸೂಲ್‌ಗೆ ಇನ್ನೊಂದು ಗುಣವಿದೆ: ಒಳಗೆ ಗಾಳಿ ಇರುವುದರಿಂದ ಅದು ನೀರಿನಲ್ಲಿ ತೇಲುತ್ತದೆ. ಮೀನೆಣ್ಣೆ, ವಿಟಮಿನ್ ಡಿ ತುಂಬಿದ ಮೆತ್ತನೆಯ ಕ್ಯಾಪ್ಸೂಲ್‌ಗಳೂ ಎಣ್ಣೆಯಿಂದಾಗಿ ಹಗುರ. ಬಾಯಲ್ಲಿ ನೀರು ತುಂಬಿಕೊಂಡು ತಲೆಯನ್ನು ಹಿಂದಕ್ಕೆ ಎಸೆದರೆ ಕ್ಯಾಪ್ಸೂಲ್ ಮೇಲೆ ತೇಲಿ ಹಲ್ಲುಗಳ ಕಡೆಗೆ ಬರುತ್ತದೆ, ನೀರು ಮಾತ್ರ ಗಂಟಲಿಗೆ ಹೋಗುತ್ತದೆ. ಮತ್ತೆ ಮತ್ತೆ ಪ್ರಯತ್ನಿಸುವಷ್ಟರಲ್ಲಿ ಅದು ಅಂಗಳಕ್ಕೆ ಅಂಟಿಕೊಂಡಿರುತ್ತದೆ. ಗುಳಿಗೆ ಹಾಗಲ್ಲ, ನೀರಿಗಿಂತ ಭಾರವಾದ್ದರಿಂದ ನಾಲಿಗೆಯ ಮೇಲೆ ಕುಳಿತಿರುತ್ತದೆ.

ಈ ವ್ಯತ್ಯಾಸವನ್ನೇ ಹಿಡಿದು ಜರ್ಮನಿಯ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಎರಡು ವಿಧಾನಗಳನ್ನು 151 ವಯಸ್ಕರ ಮೇಲೆ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ಯಾಪ್ಸೂಲ್ ಆದರೆ ನಾಲಿಗೆಯ ಮೇಲಿಟ್ಟು, ಒಂದು ಗುಟುಕು ನೀರು ಬಾಯಿಗೆ ತೆಗೆದುಕೊಂಡು, ಗಲ್ಲವನ್ನು ಎದೆಯ ಕಡೆಗೆ ಬಗ್ಗಿಸಿ ನುಂಗಬೇಕು. ತೇಲುವ ಕ್ಯಾಪ್ಸೂಲ್ ಆಗ ತಾನಾಗಿ ಗಂಟಲಿನ ಕಡೆ ಸರಿಯುತ್ತದೆ. ಗುಳಿಗೆ ಆದರೆ ನಾಲಿಗೆಯ ಮೇಲಿಟ್ಟು, ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಯ ಬಾಯಿಗೆ ತುಟಿಗಳನ್ನು ಬಿಗಿಯಾಗಿ ಒತ್ತಿ, ಗಾಳಿ ಒಳಹೋಗದಂತೆ ನೀರನ್ನು ಹೀರುತ್ತಲೇ ನುಂಗಬೇಕು. ಬಾಟಲಿ ಒಳಕ್ಕೆ ಕುಗ್ಗಬೇಕು. ಬಾಟಲಿ ವಿಧಾನದಿಂದ ಸುಮಾರು ಶೇ 60ರಷ್ಟು ಪ್ರಯತ್ನಗಳಲ್ಲಿ, ಬಗ್ಗುವ ವಿಧಾನದಿಂದ ಸುಮಾರು ಶೇ 89ರಷ್ಟರಲ್ಲಿ ನುಂಗುವುದು ಸುಲಭವಾಯಿತು. ಪಾರ್ಶ್ವವಾಯು ಮುಂತಾದ ಕಾರಣಗಳಿಂದ ನೀರು ಕುಡಿದರೂ ಕೆಮ್ಮು ಬರುವವರು ಮಾತ್ರ ಇವನ್ನು ತಾವಾಗಿ ಪ್ರಯೋಗಿಸಬಾರದು.

ನಮ್ಮ ಕಡೆ ಮಾತ್ರೆಯನ್ನು ಬಾಳೆಹಣ್ಣಿನ ತುಂಡಿನಲ್ಲಿಟ್ಟು ಮಕ್ಕಳಿಗೂ ಮುದುಕರಿಗೂ ನುಂಗಿಸುವ ಪದ್ಧತಿ ಹಳೆಯದು. ಆ ತುಂಡು ಗೋಡೆಯನ್ನು ಹಿಗ್ಗಿಸಿ ಬಲವಾದ ಅಲೆಯನ್ನು ಎಬ್ಬಿಸುವುದರಿಂದ ಇದರಲ್ಲಿ ಅರ್ಥವಿದೆ. ಆದರೆ ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕಾದ ಥೈರಾಯ್ಡ್ ಮಾತ್ರೆ, ಮೂಳೆ ಸವೆತದ ಮಾತ್ರೆಗಳಿಗೆ ಇದು ಸಲ್ಲದು. ಹಾಲು, ಮೊಸರಿನೊಂದಿಗೆ ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳಾಗಲಿ ಕಬ್ಬಿಣದ ಮಾತ್ರೆಯಾಗಲಿ ಬೇಡ. ಕ್ಯಾಲ್ಸಿಯಂ ಅವುಗಳನ್ನು ಹಿಡಿದಿಟ್ಟು ರಕ್ತ ಸೇರದಂತೆ ಮಾಡುತ್ತದೆ.

ಕರಗುವವು, ಅಗಿಯುವವು, ಉಬ್ಬುವವು

ನಾಲಿಗೆಯ ಮೇಲೆ ಕರಗುವ ಮಾತ್ರೆಗಳು ಜೊಲ್ಲಿನಲ್ಲಿ ಬೆರೆತು ದ್ರವದಂತೆಯೇ ಇಳಿಯುತ್ತವೆ. ವಾಂತಿ ತಡೆಯುವ ಆನ್‌ಡಾನ್ಸೆಟ್ರಾನ್ ಇದಕ್ಕೆ ಪರಿಚಿತ ಉದಾಹರಣೆ. ನಾಲಿಗೆಯ ಕೆಳಗಿಡುವ ಎದೆನೋವಿನ ಸಾರ್ಬಿಟ್ರೇಟ್ ಮಾತ್ರೆ ಇವಕ್ಕಿಂತ ಪೂರ್ತಿ ಭಿನ್ನ. ಅದು ಬಾಯಿಯ ರಕ್ತನಾಳಗಳ ಮೂಲಕವೇ ರಕ್ತ ಸೇರಬೇಕು, ಅನ್ನನಾಳಕ್ಕೆ ಇಳಿಯಬಾರದು. ಗಾಬರಿಯಲ್ಲಿ ನೀರು ಕುಡಿದು ಅದನ್ನು ನುಂಗಿಬಿಟ್ಟರೆ ಪರಿಣಾಮ ತಡವಾಗುತ್ತದೆ, ಔಷಧದ ಬಹುಭಾಗ ಯಕೃತ್ತಿನಲ್ಲೇ ನಾಶವಾಗುತ್ತದೆ.

ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ ಅಲ್ಬೆಂಡಜೋಲ್ ಅಗಿಯುವ ಮಾತ್ರೆ. ತೀರಾ ಚಿಕ್ಕ ಮಕ್ಕಳಿಗೆ ಅದನ್ನು ಪುಡಿಮಾಡಿ ನೀರಿನಲ್ಲಿ ಕೊಡಬೇಕು. ಅಳುವ ಮಗುವಿನ ಮೂಗು ಹಿಡಿದು ಇಡೀ ಮಾತ್ರೆ ನುಂಗಿಸುವುದು ಅನ್ನನಾಳದ ಸಮಸ್ಯೆಯಲ್ಲ, ಶ್ವಾಸನಾಳದ ಅಪಾಯ. ನೀರಿನಲ್ಲಿ ನೊರೆಗಟ್ಟುವ ಮಾತ್ರೆಗಳನ್ನಂತೂ ಯಾವ ವಯಸ್ಸಿನವರೂ ಇಡಿಯಾಗಿ ನುಂಗಬಾರದು.

ಇಸಬ್‌ಗೋಲ್ ಹೊಟ್ಟಿನ ವಿಷಯದಲ್ಲಿ ಜನರಿಗೆ ಭಯವೇ ಇಲ್ಲ. ಅಡುಗೆಮನೆಯ ವಸ್ತುವಿನಂತೆ ಎಲ್ಲರ ಮನೆಯಲ್ಲೂ ಇರುತ್ತದೆ. ಅದರ ಕೆಲಸವೇ ತನ್ನ ತೂಕದ ಹಲವು ಪಟ್ಟು ನೀರು ಹೀರಿ ಉಬ್ಬಿ ಲೋಳೆಯಾಗುವುದು. ಆ ಉಬ್ಬುವಿಕೆ ಕರುಳಿನಲ್ಲಿ ಆದರೆ ಮಲಬದ್ಧತೆಗೆ ಪರಿಹಾರ, ಅನ್ನನಾಳದಲ್ಲಿ ಆದರೆ ದಾರಿಯೇ ಬಂದ್. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಮೇಲೆ ಎರಡು ಗುಟುಕು ನೀರು ಕುಡಿಯುವವರಲ್ಲಿ ಹೀಗಾದ ಪ್ರಕರಣಗಳು ವರದಿಯಾಗಿವೆ. ಇದರ ಪೊಟ್ಟಣಗಳ ಮೇಲೆ ಉಸಿರುಕಟ್ಟುವ ಅಪಾಯದ ಎಚ್ಚರಿಕೆ ಮುದ್ರಿಸುವುದು ಅಮೆರಿಕದಲ್ಲಿ ಕಡ್ಡಾಯ. ಒಂದು ದೊಡ್ಡ ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ನೀರಿನಲ್ಲಿ ಕಲಸಿ, ಗಟ್ಟಿಯಾಗುವ ಮೊದಲೇ, ಕುಳಿತುಕೊಂಡು ಕುಡಿಯುವುದು ಸರಿ. ತುತ್ತು ಇಳಿಯಲು ಮೊದಲೇ ಕಷ್ಟವಿರುವವರು ಇದನ್ನು ಮುಟ್ಟದಿರುವುದೇ ಲೇಸು.

ಒಣ ಚೂರ್ಣಗಳಿಗೂ ಇದೇ ಬುದ್ಧಿಮಾತು. ಜೇನು ಅಥವಾ ಬಿಸಿನೀರಿನಲ್ಲಿ ಕಲಸಿ ಕೊಡುವ ಹಿರಿಯರ ರೂಢಿಯಿಂದ ಪುಡಿ ಒದ್ದೆ ಮುದ್ದೆಯಾಗಿ, ತುತ್ತಿನಂತೆ ಇಳಿಯುತ್ತದೆ.

ಯಾವ ಔಷಧ ನಿಂತರೆ ಹುಣ್ಣು?

ಎಲ್ಲ ಮಾತ್ರೆಗಳೂ ಸುಡುವುದಿಲ್ಲ. ಒಂದು ಪ್ಯಾರಸಿಟಮಾಲ್ ಗುಳಿಗೆ ಅರ್ಧಗಂಟೆ ಅನ್ನನಾಳದಲ್ಲಿ ನಿಂತರೂ ಹೆಚ್ಚಿನ ಹಾನಿಯಾಗಲಿಕ್ಕಿಲ್ಲ. ಕರಗಿದಾಗ ತೀವ್ರ ಆಮ್ಲವಾಗುವ ಔಷಧಗಳದು ಬೇರೆ ಮಾತು. ಡಾಕ್ಸಿಸೈಕ್ಲಿನ್ ಹೈಕ್ಲೇಟ್ ಅಲ್ಪ ನೀರಿನಲ್ಲಿ ಕರಗಿದರೆ ನಿಂಬೆರಸಕ್ಕೆ ಹತ್ತಿರವಾದ ಆಮ್ಲೀಯತೆ ಪಡೆಯುತ್ತದೆ. ಕಬ್ಬಿಣದ ಫೆರಸ್ ಸಲ್ಫೇಟ್, ವಿಟಮಿನ್ ಸಿ ಕೂಡ ಆಮ್ಲೀಯವೇ. ಪೊಟ್ಯಾಸಿಯಂ ಕ್ಲೋರೈಡ್ ಆಮ್ಲವಲ್ಲ, ಅದು ಉಪ್ಪಿನಂತೆ ಜೀವಕೋಶಗಳ ನೀರನ್ನು ಹೀರಿ ಸುಡುತ್ತದೆ. ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವು ನಿವಾರಕಗಳು ಲೋಳೆಪದರದ ರಕ್ಷಣೆಯನ್ನೇ ಕುಗ್ಗಿಸುತ್ತವೆ. ರಕ್ತ ಹೆಪ್ಪುಗಟ್ಟದಂತೆ ಹೃದ್ರೋಗಿಗಳಿಗೆ ಕೊಡುವ ಡಾಬಿಗಟ್ರಾನ್ ಕ್ಯಾಪ್ಸೂಲ್‌ನೊಳಗೆ ಟಾರ್ಟಾರಿಕ್ ಆಮ್ಲದ ಕಣಗಳಿವೆ. ಔಷಧ ರಕ್ತ ಸೇರಲು ಅವು ಬೇಕು, ಆದರೆ ದಾರಿಯಲ್ಲಿ ಕರಗಿದರೆ ಹುಣ್ಣು ಖಂಡಿತ ಎನ್ನುವಷ್ಟು. ಹಾಗೆಂದು ಅದನ್ನು ಬಿಚ್ಚಿ ಪುಡಿ ಕುಡಿಯುವಂತಿಲ್ಲ, ರಕ್ತಕ್ಕೆ ಸೇರುವ ಪ್ರಮಾಣ ವಿಪರೀತ ಏರಿ ರಕ್ತಸ್ರಾವದ ಅಪಾಯವಿದೆ.

ಈ ಪಟ್ಟಿಯಲ್ಲಿ ಅತ್ಯಂತ ಕಟ್ಟುನಿಟ್ಟು ಬೇಡುವುದು ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್. ಮುಟ್ಟು ನಿಂತ ಮಹಿಳೆಯರಿಗೆ ವಾರಕ್ಕೊಮ್ಮೆ 70 ಮಿಲಿಗ್ರಾಂ ಮಾತ್ರೆಯಾಗಿ ಬರೆದುಕೊಡುತ್ತಾರೆ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧ ಅನ್ನನಾಳವನ್ನು ತೀವ್ರವಾಗಿ ಗಾಯಗೊಳಿಸಿದ ಪ್ರಕರಣಗಳು ಮರುವರ್ಷವೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದವು. ಬೆಳಗ್ಗೆ ಎದ್ದ ಮೇಲೆ, ಖಾಲಿ ಹೊಟ್ಟೆಯಲ್ಲಿ, ಒಂದು ತುಂಬು ಲೋಟ ಬರೀ ನೀರಿನೊಂದಿಗೆ ನುಂಗಬೇಕು. ಕಾಫಿ, ಚಹಾ, ಹಣ್ಣಿನ ರಸ ಯಾವುದೂ ಆಗದು. ನುಂಗಿದ ಮೇಲೆ ಕನಿಷ್ಠ 30 ನಿಮಿಷ, ಏನಾದರೂ ತಿನ್ನುವವರೆಗೆ ಮಲಗುವಂತಿಲ್ಲ. ಅಗಿಯುವಂತಿಲ್ಲ, ಚೀಪುವಂತಿಲ್ಲ. ಹೊಸದಾಗಿ ಎದೆಯುರಿ ಅಥವಾ ನುಂಗಲು ನೋವು ಕಾಣಿಸಿಕೊಂಡರೆ ಮುಂದಿನ ಮಾತ್ರೆ ತೆಗೆದುಕೊಳ್ಳದೆ ವೈದ್ಯರಿಗೆ ತಿಳಿಸಬೇಕು. ಮಗಳೋ ಸೊಸೆಯೋ ಡಬ್ಬಿಯಿಂದ ತೆಗೆದುಕೊಟ್ಟ ಐದಾರು ಮಾತ್ರೆಗಳನ್ನು ಒಟ್ಟಿಗೆ ಅಂಗೈಗೆ ಸುರಿದುಕೊಂಡು ಕಾಫಿಯೊಂದಿಗೆ ನುಂಗುವ ಅಭ್ಯಾಸವಿರುವ ಮನೆಗಳಲ್ಲಿ ಈ ಒಂದು ಮಾತ್ರೆಯನ್ನು ಪ್ರತ್ಯೇಕವಾಗಿಡುವುದು ಒಳ್ಳೆಯದು.

ಗರ್ಭಿಣಿಯರಿಗೆ ಸರ್ಕಾರ ಉಚಿತವಾಗಿ ಕೊಡುವ ಕೆಂಪು ಕಬ್ಬಿಣದ ಮಾತ್ರೆಯನ್ನು ಮಲಗುವ ಮುನ್ನ ತೆಗೆದುಕೊಂಡರೆ ವಾಕರಿಕೆ ಗೊತ್ತಾಗುವುದಿಲ್ಲ ಎಂಬ ಸಲಹೆ ಚಾಲ್ತಿಯಲ್ಲಿದೆ. ವಾಕರಿಕೆಯ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ನುಂಗಿದ ಕೂಡಲೇ ಮಲಗದೆ, ತುಂಬು ಲೋಟ ನೀರು ಕುಡಿದು ಸ್ವಲ್ಪ ಹೊತ್ತು ಓಡಾಡುವುದನ್ನೂ ಅದರ ಜೊತೆ ಹೇಳಬೇಕಾಗುತ್ತದೆ.

ಪುಡಿ ಮಾಡಬಹುದೇ?

ನುಂಗಲಾಗದವರು ಮಾಡುವ ಮೊದಲ ಉಪಾಯ ಮಾತ್ರೆಯನ್ನು ಪುಡಿಮಾಡುವುದು. ಸಾಮಾನ್ಯ ಗುಳಿಗೆಗೆ ಇದು ನಡೆಯುತ್ತದೆ. ಹೆಸರಿನ ಮುಂದೆ ಎಸ್‌ಆರ್, ಎಕ್ಸ್ಆರ್, ಇಆರ್, ಸಿಆರ್, ಎಂಆರ್ ಎಂದಿದ್ದರೆ ನಡೆಯುವುದಿಲ್ಲ. ಇಡೀ ದಿನ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಗೇ ರಕ್ತ ಸೇರುತ್ತದೆ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳ ಲೇಪನ ಜಠರದ ಆಮ್ಲವನ್ನು ತಡೆದು ಕರುಳಿನಲ್ಲಿ ಕರಗುವಂಥದ್ದು. ಪುಡಿಮಾಡಿದರೆ ಔಷಧ ಜಠರದಲ್ಲೇ ಕೆಡುತ್ತದೆ. ಹೃದಯಾಘಾತದ ಅನುಮಾನವಿದ್ದಾಗ ವೈದ್ಯರು ಆಸ್ಪಿರಿನ್ ಅಗಿಯಲು ಹೇಳುವುದು ಇದಕ್ಕೆ ಅಪವಾದ. ಅಲ್ಲಿ ಬೇಕಿರುವುದು ಲೇಪನದ ರಕ್ಷಣೆಯಲ್ಲ, ವೇಗ.

ವಯಸ್ಸಾದವರ ಮನೆಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಔಷಧದಂಗಡಿಗಳಲ್ಲಿ ಸ್ಟ್ರಿಪ್ ಕತ್ತರಿಸಿ ಬಿಡಿ ಮಾತ್ರೆ ಕೊಡುವುದು ನಮ್ಮಲ್ಲಿ ಸಾಮಾನ್ಯ. ಮನೆಯಲ್ಲೂ ದಿನದ ಡಬ್ಬಿಗೆ ಹಾಕಲು ಕತ್ತರಿಯಿಂದ ಒಂದೊಂದೇ ತುಂಡು ಮಾಡುತ್ತಾರೆ. ಕಣ್ಣು ಮಂಜಾದವರು, ಮರೆವು ಇರುವವರು ಆ ಚೂಪು ಮೂಲೆಗಳ ತುಂಡನ್ನು ಹೊದಿಕೆ ಸಮೇತ ನುಂಗಿಬಿಟ್ಟ ಪ್ರಕರಣಗಳು ಹಲವು ದೇಶಗಳಿಂದ ವರದಿಯಾಗಿವೆ. ಅಂಚು ಅನ್ನನಾಳವನ್ನು ಸೀಳಬಲ್ಲದು, ಪ್ಲಾಸ್ಟಿಕ್ ಹೊದಿಕೆ ಎಕ್ಸ್-ರೇಯಲ್ಲಿ ಸುಲಭಕ್ಕೆ ಕಾಣುವುದೂ ಇಲ್ಲ. ಡಬ್ಬಿಗೆ ಹಾಕುವ ಮುನ್ನ ಹೊದಿಕೆಯಿಂದ ಬಿಡಿಸಿಡಬೇಕು. ತೇವ ತಾಗಬಾರದ ಔಷಧವಾದರೆ ಇಡೀ ಸ್ಟ್ರಿಪ್ ಕೈಗೆ ಕೊಟ್ಟು ಎದುರಿಗೇ ಬಿಡಿಸಿಸಬೇಕು.

ನೋವು ಬಂದರೆ

ಎದೆನೋವು ಬಂದಾಗ ಅದು ಮಾತ್ರೆಯದೇ ಎಂದು ಮನೆಯಲ್ಲೇ ತೀರ್ಮಾನಿಸುವುದು ಅಪಾಯ. ಬೆವರು, ಉಸಿರಾಟದ ತೊಂದರೆ, ಕೈ-ದವಡೆಗೆ ಹರಡುವ ನೋವು ಇದ್ದರೆ ಮೊದಲು ಹೃದಯದ ಪರೀಕ್ಷೆಯಾಗಬೇಕು, 112ಕ್ಕೆ ಕರೆ ಮಾಡಬೇಕು. ಜೊಲ್ಲನ್ನೂ ನುಂಗಲಾಗದಿರುವುದು, ರಕ್ತ ವಾಂತಿ, ಕಪ್ಪು ಮಲ, ಜ್ವರದೊಂದಿಗೆ ಹೆಚ್ಚುತ್ತಿರುವ ನೋವು ಕೂಡ ತುರ್ತು ಚಿಕಿತ್ಸೆಯ ಲಕ್ಷಣಗಳೇ. ಅಪರೂಪಕ್ಕೆ ಹುಣ್ಣು ಗೋಡೆಯನ್ನು ತೂತುಮಾಡುವುದುಂಟು.

ಬಹುತೇಕರಲ್ಲಿ ಅಷ್ಟು ದೂರ ಹೋಗುವುದಿಲ್ಲ. ಕಾರಣವಾದ ಮಾತ್ರೆ ನಿಲ್ಲಿಸಿ, ಆಮ್ಲ ತಗ್ಗಿಸುವ ಔಷಧ, ಹುಣ್ಣಿನ ಮೇಲೆ ಪದರ ಕಟ್ಟುವ ಸುಕ್ರಾಲ್ಫೇಟ್ ದ್ರವ ಕೊಟ್ಟರೆ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಮತ್ತೆ ಮತ್ತೆ ಹೀಗಾದರೆ, ಮಾತ್ರೆಯ ಜೊತೆ ಅನ್ನ-ಚಪಾತಿಯೂ ಸಿಕ್ಕಿಕೊಳ್ಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ತಪ್ಪು ಮಾತ್ರೆಯದಲ್ಲ, ದಾರಿಯೇ ಕಿರಿದಾಗಿರಬಹುದು. ಅದನ್ನು ಪತ್ತೆಹಚ್ಚಲು ವೈದ್ಯರು ಕೆಲವೊಮ್ಮೆ 13 ಮಿಲಿಮೀಟರ್ ಅಗಲದ ಬೇರಿಯಂ ಮಾತ್ರೆಯನ್ನೇ ನುಂಗಿಸಿ ಎಕ್ಸ್-ರೇಯಲ್ಲಿ ನೋಡುತ್ತಾರೆ. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ಎಂಡೋಸ್ಕೋಪಿ ನಡೆಯುತ್ತದೆ.

ನುಂಗಲು ಕಷ್ಟವಿದೆ ಎಂದು ರೋಗಿಗಳು ತಾವಾಗಿ ಹೇಳುವುದು ಕಡಿಮೆ. ಹೇಳಿದರೆ ದಾರಿಗಳಿವೆ. ಡಾಕ್ಸಿಸೈಕ್ಲಿನ್‌ನಲ್ಲಿ ಹೈಕ್ಲೇಟ್ ಬದಲು ಕಡಿಮೆ ಆಮ್ಲೀಯವಾದ ಮೊನೊಹೈಡ್ರೇಟ್ ರೂಪ ಇದೆ. ಪೊಟ್ಯಾಸಿಯಂ ದ್ರವರೂಪದಲ್ಲಿ ಸಿಗುತ್ತದೆ, ನೀರು ಬೆರೆಸಿ ಕುಡಿಯಬಹುದು. ಕಬ್ಬಿಣಕ್ಕೆ ಸಿರಪ್ ಇದೆ, ಹಲ್ಲು ಕಪ್ಪಾಗದಂತೆ ಸ್ಟ್ರಾ ಬಳಸಿದರಾಯಿತು. ಅಲೆಂಡ್ರೊನೇಟ್ ನುಂಗಲಾಗದ, ಅರ್ಧಗಂಟೆ ನೆಟ್ಟಗೆ ಕೂರಲಾಗದ ಮಹಿಳೆಯರಿಗೆ ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೊಲೆಡ್ರೊನಿಕ್ ಆಮ್ಲ ಅದೇ ಗುಂಪಿನ ಔಷಧ. ಮೂತ್ರಪಿಂಡದ ಪರೀಕ್ಷೆ ಮಾಡಿಸಿದ ಬಳಿಕ ವೈದ್ಯರು ಅದನ್ನು ಸೂಚಿಸುತ್ತಾರೆ.